ನಾಲ್ಕು ಬೆರಳಿನ ಜಾಗ

ಟೈಪಿಂಗ್ ಅಕ್ಕನ ಬೆರಳ ತುದಿಗಳು ಒತ್ತಿ ಒತ್ತಿ ಚಪ್ಪಟೆಯಾಗಿದ್ದವು. ಛಾಪಾ ಕಾಗದ ಬಂದರೆ ಮೊದಲು ಅಂಗೈ ಊರುತ್ತಿದ್ದರು. ಸರ್ಕಾರದ ಮುದ್ರೆಯ ಕೆಳಗೆ ನಾಲ್ಕು ಬೆರಳು ಬಿಟ್ಟು ಮೊದಲ ಸಾಲು ಬೀಳಬೇಕು. ಅದೇ ಅವರ ಅಳತೆ. ಸ್ಕೇಲು ಇದ್ದದ್ದು ಬೆನ್ನು ಕೆರೆದುಕೊಳ್ಳೋಕೆ.

ಬಂಗಾರಪೇಟೆ ತಾಲ್ಲೂಕು ಕಚೇರಿಯ ಎದುರು ಅವರ ಅಂಗಡಿ, ಪಕ್ಕದಲ್ಲಿ ನನ್ನ ಕಂಪ್ಯೂಟರ್ ರಿಪೇರಿ. ದಿನಾ ಉರಿಗಾಂನಿಂದ ರೈಲಲ್ಲಿ ಬರುತ್ತಿದ್ದರು. ಗಿರಾಕಿ ತಮಿಳರಾದರೆ ತಮಿಳು, ತೆಲುಗರಾದರೆ ತೆಲುಗು. ನನ್ನನ್ನು ಬೈಯುವುದು ಮಾತ್ರ ಕನ್ನಡದಲ್ಲೇ.

ಅವರ ಕಂಪ್ಯೂಟರಿನ ವಿಂಡೋಸ್ ಹಳೆಯದಾಗಿ ಆಮೆಯಾಗಿತ್ತು. ನನಗೋ ವಿಂಡೋಸ್ ಬದಲಿಗೆ ಹಾಕೋ ಲಿನಕ್ಸ್ ಹುಚ್ಚು. "ಬಿಟ್ಟಿ ಸಿಗುತ್ತೆ, ವೈರಸ್ ಕಾಟ ಕಮ್ಮಿ, ಇದೇ ಡಬ್ಬ ಇನ್ನೈದು ವರ್ಷ ಓಡುತ್ತೆ ಅಕ್ಕಾ" ಎಂದು ತಲೆ ತಿನ್ನುತ್ತಿದ್ದೆ.

"ಚೆನ್ನಾಗೇ ಐತೇನೋ ಕಣ್ಲಾ. ನಂಗೆ ಬ್ಯಾಡ, ಓಗು."

ಯಾಕೆ ಬೇಡ ಅಂತ ನಾನೂ ಕೇಳಲಿಲ್ಲ. ವಯಸ್ಸಾಯಿತು, ಭಯ ಅಂತ ನಾನೇ ಷರಾ ಬರೆದುಬಿಟ್ಟೆ. ಒಂದು ಶನಿವಾರ ಧೂಳು ಹೊಡೆಯೋಕೆ ಅಂತ ಮಿಷನ್ ನನ್ನ ಕೈಗೆ ಬಂತು. ಅವರ ಫೈಲುಗಳನ್ನೆಲ್ಲ ಜೋಪಾನವಾಗಿ ತೆಗೆದಿಟ್ಟು ಲಿನಕ್ಸ್ ಹಾಕಿಯೇಬಿಟ್ಟೆ. ಉಪಕಾರ ಮಾಡಿದೆ ಅನ್ನೋ ಗತ್ತು ಬೇರೆ.

ಸೋಮವಾರ ಕಾಮಸಮುದ್ರದ ಕಡೆಯ ಒಬ್ಬ ತಾಯಿ, ಮಗಳ ಜೊತೆ ಬಂದಳು. ಹುಡುಗಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಎರಡೂ ಒಬ್ಬಳದೇ ಅಂತ ಅಫಿಡವಿಟ್ ಬೇಕು, ಅಂದೇ ಕೊನೆ ದಿನ. ಛಾಪಾ ಕಾಗದ ಇದ್ದದ್ದು ಒಂದೇ.

ಅಕ್ಕ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. "ಯಾಕೋ ಬೇರೆ ತರ ಕಾಣ್ತದಲ್ಲೋ."

"ಪ್ರಿಂಟ್ ಒತ್ತಕ್ಕಾ, ಏನೂ ಆಗಲ್ಲ" ಅಂದೆ.

ಒತ್ತಿದರು. ಮೊದಲ ಸಾಲು ನೇರವಾಗಿ ಸರ್ಕಾರದ ಮುದ್ರೆಯ ಮೇಲೇ ಅಚ್ಚಾಗಿ ಬಂತು.

ಅಯ್ಯೋ ನನ್ನ ಬುದ್ಧಿಗಿಷ್ಟು! ಅವರು ನಾಲ್ಕು ಬೆರಳಿನ ಜಾಗ ಮಾಡಿದ್ದು ಎಂಟರ್ ಒತ್ತಿ ಒತ್ತಿ, ಖಾಲಿ ಸಾಲು ಬಿಟ್ಟು. ಹೊಸದರಲ್ಲಿ ಆ ಹಳೆ ಫಾಂಟ್ ಇರಲಿಲ್ಲ. ಅದರ ಬದಲು ಗಿಡ್ಡ ಅಕ್ಷರ ಬಂದು, ಖಾಲಿ ಸಾಲುಗಳೆಲ್ಲ ಕುಗ್ಗಿ ಬರಹ ಮೇಲೆ ಹತ್ತಿತ್ತು. ಹುಡುಗಿ ಅಳಲಿಲ್ಲ, ತಾಯಿಯ ಸೆರಗು ಹಿಡಿದುಕೊಂಡು ನಿಂತಳು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಅಕ್ಕ ಬೈಯಲಿಲ್ಲ. "ಇಲ್ಲಿ ಛಾಪಾ ಕಾಗದ ಕೊಡೋ ಸರ್ವರ್ ಬಿದ್ದೈತೆ. ಗಾಡಿ ತಗೊಂಡು ಕೆಜಿಎಫ್‌ಗೆ ಓಗು, ಇನ್ನೊಂದು ಕಾಗದ ತಗೊಂಬಾ" ಅಂದರು. ಕಾಗದ ಅವಳ ಹೆಸರಿಗೇ ಬೇಕಲ್ಲ, ಹುಡುಗಿಯ ಆಧಾರ್ ನಕಲು ಜೇಬಿಗೆ ತುರುಕಿಕೊಂಡು ಓಡಿದೆ.

ವಾಪಸ್ ಬಂದಾಗ ನೆಲದ ತುಂಬ ಬಿಳಿ ಹಾಳೆಗಳು. ಅಕ್ಕನದು ಅದೇ ಕೆಲಸ: ಪ್ರಿಂಟ್ ತೆಗೆಯೋದು, ಕೆಟ್ಟ ಛಾಪಾ ಕಾಗದದ ಜೊತೆ ಸೇರಿಸಿ ಬಾಗಿಲ ಬಿಸಿಲಿಗೆ ಹಿಡಿಯೋದು, ಎರಡು ಎಂಟರ್ ಹೆಚ್ಚಿಸೋದು, ಮತ್ತೆ ತೆಗೆಯೋದು. ಅದೇ ಲಿನಕ್ಸಿನಲ್ಲಿ, ನನ್ನನ್ನು ಒಂದು ಮಾತೂ ಕೇಳದೆ, ಸಾಲು ಸರಿಯಾದ ಜಾಗಕ್ಕೆ ತಂದಿದ್ದರು. ಹೊಸ ಕಾಗದ ಅಚ್ಚುಕಟ್ಟಾಗಿ ಬಂತು. ಕಾಲೇಜಿನ ಬಾಗಿಲು ಹಾಕೋ ಮುಂಚೆ ಹುಡುಗಿ ಅಲ್ಲಿಗೆ ಮುಟ್ಟಿದಳು.

ತಾಯಿ ಮಗಳು ಹೋದ ಮೇಲೆ ಅಕ್ಕ ಟೀ ತರಿಸಿದರು. "ಕಲಿಯಾಕೆ ನಂಗೇನ್ ಭಯ ಇಲ್ಲ ಕಣ್ಲಾ. ಕಲಿಯೋವಾಗ ತಪ್ಪು ಆಗ್ತದೆ. ಆ ತಪ್ಪು ಯಾರ್ ಕಾಗದದ ಮೇಲೆ ಬೀಳ್ತದೆ, ಅದೇ ನನ್ ಭಯ."

ನಾನು ನೆಲದ ಮೇಲಿನ ಹಾಳೆಗಳನ್ನು ಆಯ್ದು ಜೋಡಿಸಿದೆ. ಮಾರನೇ ದಿನ ಹಳೆ ವಿಂಡೋಸನ್ನೇ ಹಾಕಿಕೊಟ್ಟೆ. ಲಿನಕ್ಸ್ ಹಾಕಿದ ಒಂದು ಹಳೆ ಲ್ಯಾಪ್‌ಟಾಪ್ ಕೊಟ್ಟು, "ಸುಮ್ನೆ ಇಟ್ಕೋ ಅಕ್ಕಾ" ಅಂದೆ. "ಇಡು ಆ ಮೂಲೆಗೆ" ಅಂದರು. ಮತ್ತೆ ಆ ಮಾತು ನಾನು ಎತ್ತಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡರು. ತಂಗಿ ಬಂದು ಅಂಗಡಿ ಖಾಲಿ ಮಾಡಿದಾಗ ಲ್ಯಾಪ್‌ಟಾಪ್ ನನಗೇ ವಾಪಸ್ ಬಂತು, ಜೊತೆಗೆ ದಾರ ಕಟ್ಟಿದ ಒಂದು ಕಟ್ಟು ಹಾಳೆ. ಬಾಡಿಗೆ ಕರಾರು, ವಂಶವೃಕ್ಷ, ಅಫಿಡವಿಟ್ಟು, ಅವರ ನಮೂನೆಗಳೆಲ್ಲ ಲಿನಕ್ಸಿನಲ್ಲಿ ಒಂದೊಂದಾಗಿ ತಯಾರಾಗಿದ್ದವು. ಎಲ್ಲ ಬಿಳಿ ಹಾಳೆಯ ಮೇಲೆ. ಪ್ರತಿ ಹಾಳೆಯಲ್ಲೂ ಮುದ್ರೆಯ ಜಾಗಕ್ಕೆ ಪೆನ್ಸಿಲಿನ ಚೌಕ, ಅದರ ಕೆಳಗೆ ನಾಲ್ಕು ಬೆರಳು ಜಾಗ.

ಈಗ ಯಾರಾದರೂ ಹೊಸದು ಬೇಡ ಅಂದರೆ ನಾನು ವಾದ ಮಾಡೋದಿಲ್ಲ. ಕುರ್ಚಿ ಎಳೆದು ಕೂತು, "ಇದರಲ್ಲಿ ಯಾರ ಕೆಲಸ ಮಾಡ್ತೀರಿ?" ಅಂತ ಮೊದಲು ಕೇಳುತ್ತೇನೆ.