ನಾನು ಅಳಿಸಲು ಹೇಳಿದ ಮನೆ

ಔರಾದ ತಾಲೂಕಿನ ಒಂದು ಹಳ್ಳಿಶಾಲೆಯಲ್ಲಿ ನಾನು ಮೂರನೇ ತರಗತಿಗೆ ಟೀಚರ್ ಆಗಿದ್ದ ವರ್ಷಗಳಲ್ಲಿ ಬರದ ಮೇಲೆ ಬರ. ದೀಪಾವಳಿ ಮುಗಿದರೆ ಸಾಕು, ಊರಿನ ಅರ್ಧ ಮಂದಿ ಮಕ್ಕಳನ್ನೂ ಕರೆದುಕೊಂಡು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಡುತ್ತಿದ್ದರು. ಯುಗಾದಿಗೆ ಅವರು ತಿರುಗಿ ಬರುವವರೆಗೆ ಆ ಮಕ್ಕಳ ಹೆಸರಿನ ಮುಂದೆ ಗೈರು ಎಂದು ಬರೆಯುತ್ತಿದ್ದೆ.

ಶಾಲೆಯ ಕಪಾಟಿನಲ್ಲಿ ಕಥೆಪುಸ್ತಕಗಳಿದ್ದವು, ಬಣ್ಣಬಣ್ಣದವು. ಅವುಗಳಲ್ಲಿನ ಮಕ್ಕಳೆಲ್ಲ ಬೆಳ್ಳಗೆ, ಕಾಲಿಗೆ ಬೂಟು, ಮನೆಯ ಮುಂದೆ ತೆಂಗಿನಮರ, ಮುಂಜಾನೆ ತಿನ್ನಲು ಇಡ್ಲಿ. ಒಬ್ಬ ಹುಡುಗ ಎಲ್ಲ ಪುಟ ಮಗುಚಿ ನೋಡಿ ಕೇಳಿದ: "ಇವರ ಮನ್ಯಾಗ ಯಾರೂ ರೊಟ್ಟಿ ಬಡಿಯೋದಿಲ್ಲೇನ್ರಿ ಟೀಚರ್?" ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. ನಾನು ಬೀದರಿನ ಚರ್ಚಿನ ಕಂಪೌಂಡಿನಲ್ಲಿ ಬೆಳೆದವಳು. ನಮ್ಮ ಮನೆಯೂ ಯಾವ ಪುಸ್ತಕದಲ್ಲೂ ಇರಲಿಲ್ಲ.

ನಮ್ಮದೇ ಒಂದು ಪುಸ್ತಕ ಮಾಡೋಣ ಎಂದೆ. ಹಳೆಯ ಕ್ಯಾಲೆಂಡರಿನ ಹಾಳೆಗಳು, ಬೀದರಿನ ಗಾಂಧಿ ಗಂಜ್ ಪೇಟೆಯಿಂದ ತಂದ ಗೋಣಿ ದಾರ, ಒಂದು ದಬ್ಬಣ. ಒಬ್ಬೊಬ್ಬರಿಗೆ ಒಂದು ಪುಟ, ಅದರಲ್ಲಿ ಅವರ ಮನೆ. ಒಬ್ಬಳು ಗೋಡೆಯ ಮೇಲಿನ ಬುದ್ಧನ ಫೋಟೋದ ಚಿತ್ರ ತೆಗೆದಳು. ಕುಂಟುವ ಹುಡುಗನೊಬ್ಬ ತನ್ನ ಕೋಲನ್ನು ಬಾಗಿಲಿಗಿಂತ ಎತ್ತರ ಮಾಡಿದ. ಮರಾಠಿ, ದಖನಿ ಉರ್ದು ಆಡುವ ಮಕ್ಕಳು ಮನೆಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆದರು. ಯಾರನ್ನೂ ತಿದ್ದಲಿಲ್ಲ, ಒಬ್ಬಳನ್ನು ಬಿಟ್ಟು.

ಆಕೆ ಎಂಟು ವರ್ಷದವಳು, ಪೆನ್ಸಿಲನ್ನು ಒತ್ತಿ ಒತ್ತಿ ಬರೆಯುವವಳು. ಕಬ್ಬು ಕಡಿಯಲು ಹೋದಲ್ಲಿನ, ಹೊಲದ ಬದಿಯ ಗುಡಿಸಲಿನ ಚಿತ್ರ ತೆಗೆದಿದ್ದಳು. ಮೇಲೆ ಒಣಗಿದ ಕಬ್ಬಿನ ಗರಿ, ಒಳಗೆ ಸೀರೆಯ ಜೋಲಿ. ಪುಸ್ತಕವನ್ನು ಭಾಲ್ಕಿಯ ಶಿಕ್ಷಕರ ಸಭೆಗೆ ಒಯ್ಯುವವಳಿದ್ದೆ. ನೋಡಿದವರು ಅಯ್ಯೋ ಪಾಪ ಎಂದಾರು ಎಂದುಕೊಂಡೆ. ಇದು ಮನೆಯಲ್ಲ, ನಿಮ್ಮ ಊರಿನ ಮನೆಯ ಚಿತ್ರ ತೆಗಿ ಎಂದು ರಬ್ಬರ್ ಕೊಟ್ಟೆ.

"ನನ್ನ ತಮ್ಮ ಅಲ್ಲೇ ಹುಟ್ಯಾನ್ರಿ" ಎಂದಳು.

ಇರಲಿ, ಅಳಿಸು ಎಂದೆ. ಅಳಿಸಿದಳು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಅದು ನಾನೇ.

ದೀಪಾವಳಿ ರಜೆಯಾದ ಮೇಲೆ ಸಭೆ ನಡೆಯಿತು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಹೊಗಳಿದರು, ನಾನೂ ಉಬ್ಬಿದೆ. ಹಿರಿಯ ಮಾಸ್ತರರೊಬ್ಬರು ಒಂದು ಪುಟದ ಮೇಲೆ ಬೆರಳಿಟ್ಟರು.

"ಎಲ್ಲಾರ ಮನಿ ಬಾಗಿಲಾ ತೆರದಾವ. ಇದೊಂದಕ್ಕ ಬೀಗ ಯಾಕ್ರಿ ಮೇಡಂ?"

ಅದುವರೆಗೆ ನಾನು ಗಮನಿಸಿರಲಿಲ್ಲ. ಅದು ಆಕೆಯ ಪುಟ. ನಾನು ಹೇಳಿದಂತೆ ಊರಿನ ಮನೆಯನ್ನೇ ತೆಗೆದು, ಬಾಗಿಲಿಗೆ ಅಂಗೈಯಗಲದ ಬೀಗ ಹಾಕಿದ್ದಳು. ಬಿಟ್ಟು ಹೋಗುವ ಮನೆ ಆಕೆಗೆ ಹಾಗೆಯೇ ಕಂಡಿತ್ತು. ಬೀಗದ ಹಿಂದೆ, ಅಳಿಸಿದರೂ ಹೋಗದ ಗುಡಿಸಲಿನ ಗೆರೆಗಳು.

ಮರುದಿನ ಹೊಸ ಹಾಳೆ, ಪೆನ್ಸಿಲ್ ಹಿಡಿದು ಆಕೆಯ ಮನೆಗೆ ಹೋದೆ. ರಬ್ಬರ್ ಒಯ್ಯಲಿಲ್ಲ. ಬಾಗಿಲಿಗೆ ಬೀಗ ಬಿದ್ದಿತ್ತು. ನಿನ್ನೆಯೇ ಕಬ್ಬಿಗೆ ಹೋಗುವವರ ಟ್ರ್ಯಾಕ್ಟರ್ ಹೋಯಿತೆಂದು ಪಕ್ಕದ ಮನೆಯಾಕೆ ಹೇಳಿದಳು. ಆ ಬೀಗ ಚಿತ್ರದಲ್ಲಿದ್ದುದಕ್ಕಿಂತ ಸಣ್ಣದು.

ಯುಗಾದಿಗೆ ಉಳಿದವರು ಬಂದರು. ಆಕೆಯ ಮನೆಯವರು ಅಲ್ಲೇ ಸಕ್ಕರೆ ಫ್ಯಾಕ್ಟರಿಯ ಹತ್ತಿರ ನಿಂತುಬಿಟ್ಟರಂತೆ. ಆಕೆಯ ಪುಟದ ಪಕ್ಕಕ್ಕೆ ಆ ಖಾಲಿ ಹಾಳೆಯನ್ನು ಹೊಲಿದೆ.

ಈಗ ನಾನು ಬೀದರಿನಲ್ಲಿ ನಿವೃತ್ತಳು. ಪುಸ್ತಕ ನನ್ನ ಹತ್ತಿರವೇ ಇದೆ. ಆಕೆಯನ್ನು ಒಮ್ಮೆ ನೋಡಬೇಕೆಂಬ ಆಸೆ ವಯಸ್ಸಾದಷ್ಟೂ ಹೆಚ್ಚುತ್ತಿದೆ. ಕಮಲನಗರದ ದಾರಿಯಲ್ಲಿ ಕಬ್ಬು ಕಡಿಯುವವರ ಟ್ರ್ಯಾಕ್ಟರ್ ಕಂಡರೆ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ. ಸಿಕ್ಕರೆ ಚಿತ್ರ ತೆಗೆ ಎನ್ನುವುದಿಲ್ಲ. ನಿನ್ನ ತಮ್ಮ ಹೇಗಿದ್ದಾನೆ ಎಂದು ಕೇಳಬೇಕು. ಅವತ್ತೇ ಕೇಳಬೇಕಿತ್ತು.