ಎದೆ ಕಿಸೆಯ ವಿಭೂತಿ ಗಟ್ಟಿ

ಕಾಕಾ ಅವರ ಅಂಗಿಯ ಎದೆ ಕಿಸೆ ಯಾವಾಗಲೂ ಬೂದಿ ಮೆತ್ತಿಕೊಂಡಿರುತ್ತಿತ್ತು. ಬೇರೆಯವರು ಪೆನ್ನು ಸಿಕ್ಕಿಸುವ ಜಾಗದಲ್ಲಿ ಅವರು ಒಂದು ವಿಭೂತಿ ಗಟ್ಟಿ ಇಟ್ಟುಕೊಳ್ಳುತ್ತಿದ್ದರು. ಕ್ಯಾಮೆರಾ ಹಿಡಿದು ಬಗ್ಗಿದಾಗ ಅದು ಜಾರಿ ಬೀಳುತ್ತಿತ್ತು, ತುಂಡಾಗುತ್ತಿತ್ತು, ತುಂಡು ಮತ್ತೆ ಕಿಸೆಗೇ ಹೋಗುತ್ತಿತ್ತು. ಬರೀ ಭಕ್ತಿ ಅಂದುಕೊಂಡರೆ ತಪ್ಪು. ಭಕ್ತಿ ಇತ್ತು, ಇಲ್ಲವೆನ್ನುವುದಿಲ್ಲ, ಆದರೆ ಆ ಗಟ್ಟಿ ಅವರ ಕಸುಬಿನ ಸಾಮಾನು.

ಕುಂದಗೋಳದ ಬಸ್ ಸ್ಟ್ಯಾಂಡಿನ ಬಾಜು ಅವರ ಫೋಟೋ ಸ್ಟುಡಿಯೋ. ಊರಿಗೆಲ್ಲ ಅವರು ಸ್ಟುಡಿಯೋ ಕಾಕಾ. ನನಗೂ ರಕ್ತಸಂಬಂಧವೇನಿಲ್ಲ. ಕೆಲಸ ಕಲಿಸಿದವರು, ದಿನಾ ನನ್ನ ಜೊತೆ ಜಗಳ ಆಡಿದವರು. ಮದುವೆ ಮನೆಗೆ ಹೋದರೆ ಮೊದಲ ಫೋಟೋಕ್ಕೂ ಮುಂಚೆ ಹಿರಿಯರ ಹಣೆಗೆ ವಿಭೂತಿ ಹೊಸದಾಗಿ ಹಚ್ಚಿಸುತ್ತಿದ್ದರು. ಹಣೆಗೆ ಅರಿಶಿನದ ಭಂಡಾರ ಹಚ್ಚುವ ಮನೆಗಳಲ್ಲಾದರೆ ಗಟ್ಟಿಯನ್ನು ಎಲೆ ಅಡಿಕೆ ತಟ್ಟೆಯಲ್ಲಿಟ್ಟು ಅದರದ್ದೊಂದು ಫೋಟೋ. ಸ್ಟುಡಿಯೋಕ್ಕೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಆ ವಿಭೂತಿಯ ಮೇಲೆ ಒತ್ತಿ, ಇದು ಬಿಳಿ ಎಂದು ಯಂತ್ರಕ್ಕೆ ತಿಳಿಸುತ್ತಿದ್ದರು. ಬಿಳಿ ಸರಿಯಾಯಿತೆಂದರೆ ಶಾಮಿಯಾನದ ಕೆಂಪು, ಟ್ಯೂಬ್‌ಲೈಟಿನ ಹಸಿರು ಎಲ್ಲ ಮುಖದಿಂದ ಇಳಿದು ಹೋಗುತ್ತಿತ್ತು.

"ಮೊದ್ಲ ವಿಭೂತಿ ನೋಡವಾ. ಸೀರಿ, ಬಂಗಾರ ಎಲ್ಲಾ ಆಮ್ಯಾಲ," ಎನ್ನುತ್ತಿದ್ದರು.

ಪ್ರೊಫೈಲ್ ಅಂದರೇನು ಎಂದು ನಾನು ಕೇಳಿದ ದಿನ ಅವರು ಕುಳಿತು ಹೇಳಲಿಲ್ಲ, ಅವರು ಕುಳಿತಿದ್ದನ್ನು ನಾನು ನೋಡಿದ್ದೇ ಕಡಿಮೆ. ಒಳಗೆ ಹೊರಗೆ ತಿರುಗುತ್ತಲೇ ಹೇಳಿದರು. "ಕ್ಯಾಮೆರಾದ ಕಚ್ಚಾ ಫೈಲಿನಾಗ ಬಣ್ಣ ಎಲ್ಲೈತಿ? ಬರೇ ಅಂಕಿ ಅದಾವ. ಕ್ಯಾಮೆರಾದ್ದ ಒಂದ್ ಮಾತು, ಮಾನಿಟರಿಂದ ಒಂದ್ ಮಾತು, ಹುಬ್ಬಳ್ಳಿ ಲ್ಯಾಬಿನ ಕಾಗದದ್ದ ಇನ್ನೊಂದು. ನಡುವ ನಿಂತು ಇವನ ಮಾತು ಅವಗ ತಿಳಿಸಿ ಹೇಳಾವ ಒಬ್ಬ ಬೇಕಲ್ಲ? ಅವನ ಪ್ರೊಫೈಲ್ ಅಂದ್ರ. ಅವ ತಪ್ಪು ಹೇಳಿದಂದ್ರ ಎಲ್ಲಾ ಕೆಟ್ಟಂಗ."

ಪ್ರಿಂಟ್ ಬಂದರೆ ಅದನ್ನು ಹಿಡಿದು ಬಾಗಿಲ ಮುಂದಿನ ಕಟ್ಟೆಗೆ ಓಡುತ್ತಿದ್ದರು, ಬಿಸಿಲಲ್ಲಿ ನೋಡುತ್ತಿದ್ದರು, ಒಳಗೆ ಬಂದು ಸ್ಕ್ರೀನ್ ನೋಡುತ್ತಿದ್ದರು, ಮತ್ತೆ ಕಟ್ಟೆಗೆ. ತರಿಸಿದ ಚಹಾ ಆರಿ ಹೋಗುತ್ತಿತ್ತು. ನೋಡುವವರಿಗೆ ತಲೆ ತಿರುಗಬೇಕು. "ಒಂದ್ ಕಡೆ ನಿಂದರ್ರಿ ಕಾಕಾ," ಎಂದು ನಾನು ರೇಗುತ್ತಿದ್ದೆ. "ನಿಂತ್ರ ಬಣ್ಣ ನಿಲ್ಲತೈತೇನು?" ಎಂದು ಅವರೂ ರೇಗುತ್ತಿದ್ದರು.

ನಾನು ಅಲ್ಲಿಗೆ ಕೆಲಸ ಹುಡುಕಿಕೊಂಡು ಹೋದವಳಲ್ಲ. ನನ್ನ ಅಕ್ಕನನ್ನು ಮಿಶ್ರಿಕೋಟಿಗೆ ಕೊಟ್ಟಿದ್ದೆವು. ಮದುವೆಯ ಫೋಟೋ ತೆಗೆದವರು ಇದೇ ಕಾಕಾ. ಮದುವೆಯಾದ ಎರಡನೆಯ ವರ್ಷ ಅಕ್ಕನಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಹುಬ್ಬಳ್ಳಿಗೆ ಒಯ್ದೆವು, ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅವ್ವನನ್ನು ಒಂದು ಮಾತು ಕೇಳಿದ್ದರು, ಮೊದಲು ಯಾವಾಗಾದರೂ ತುಟಿ ನೀಲಿ ಆಗಿದ್ದು ನೋಡಿದ್ದಿರಾ ಎಂದು. ಇಲ್ಲ ಎಂದಳು. ಮನೆಗೆ ಬಂದು ಮದುವೆಯ ಆಲ್ಬಮ್ ತೆಗೆದಳು. ಆಲ್ಬಮಿನಲ್ಲಿ ಅಕ್ಕನ ತುಟಿ ನೀಲಿ ಇತ್ತು.

"ಅವತ್ತ ಕಾಣಸ್ತಿತ್ತು. ನಾ ಸೀರಿ ಸೆರಗು ನೋಡ್ಕೋತ ನಿಂತಿದ್ನಿ, ಮಗಳ ಮಾರಿ ನೋಡ್ಲಿಲ್ಲ," ಎಂದಳು. ಆಲ್ಬಮನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅಕ್ಕನ ಹೆಸರೆತ್ತಿದರೆ ಅವ್ವ ಎದ್ದು ಹೋಗುತ್ತಿದ್ದಳು. ಗೋಡೆಗೆ ಹಾಕಲು ಒಂದೇ ಒಂದು ಫೋಟೋ ಬೇಕೆಂದು ನಾನು ಸ್ಟುಡಿಯೋಕ್ಕೆ ಹೋದೆ. ಕಾಕಾ ಮದುವೆಗೆ ಮೊದಲಿನ, ಎಂದೋ ತೆಗೆದ ಪಾಸ್‌ಪೋರ್ಟ್ ಫೋಟೋ ಹುಡುಕಿ ಕೊಟ್ಟರು. ಕಂಪ್ಯೂಟರ್ ಮುಂದೆ ಕೂರುವವರು ಯಾರಾದರೂ ಬೇಕಾಗಿತ್ತಂತೆ. ಮನೆಯಲ್ಲಿ ಉಸಿರು ಕಟ್ಟುತ್ತಿತ್ತು, ಒಪ್ಪಿಕೊಂಡೆ.

ಹೋದ ಸ್ವಲ್ಪ ದಿನಕ್ಕೇ ಕಿರಿಕಿರಿ ಶುರುವಾಯಿತು. ಶಲವಡಿಯ ಒಂದು ಮದುವೆಯ ಆಲ್ಬಮ್ ವಾಪಸ್ ಬಂತು, ಎಲ್ಲರ ಮುಖವೂ ತಣ್ಣಗೆ ನೀಲಿ. ಕಾಕಾ ಲ್ಯಾಬಿನವರಿಗೆ ಫೋನ್ ಹಚ್ಚಿ, "ನಾ ಪ್ರೊಫೈಲ್ ಹಚ್ಚಿ ಕಳಿಸ್ತೀನಿ, ನೀವು ಕಿತ್ತ ಒಗೀತೀರಿ," ಎಂದು ಬೈದರು. ಲ್ಯಾಬಿನವರು ಕಿತ್ತಿರಲಿಲ್ಲ. ಕಾಕಾ ಎಂದೋ ತಮ್ಮದೇ ಒಂದು ಪ್ರೊಫೈಲ್ ಮಾಡಿಟ್ಟಿದ್ದರು, ಯಾವ ಮದುವೆಯ ಫೈಲ್ ತೆರೆದರೂ ಅದು ತಾನೇ ಹತ್ತಿಕೊಳ್ಳುತ್ತಿತ್ತು. ಅದರಲ್ಲಿ ವಿಭೂತಿಯನ್ನು ಬಿಳಿ ಮಾಡಿದ ಮೇಲೂ ನೀಲಿಯ ಕಡೆಗೆ ಇನ್ನಷ್ಟು ಎಳೆದಿತ್ತು. ಯಾಕೆ ಎಂದರೆ, "ಬರೇ ಒತ್ತಿದ್ರ ಹಳದಿ ಉಳೀತೈತಿ. ನಿನಗ ಕಾಣಂಗಿಲ್ಲೇನು?" ಎಂದರು. ನನಗೆ ಕಾಣುತ್ತಿರಲಿಲ್ಲ. ಮಾನಿಟರಿನ ಬಣ್ಣ ಅಳೆಯುವ ಯಂತ್ರ ಹಟ ಮಾಡಿ ತರಿಸಿದೆ. ಮಾನಿಟರ್ ಸರಿ ಇದೆ ಎಂದಿತು. ಕಾಕಾ ಒಪ್ಪಲಿಲ್ಲ. "ನಿನ್ನ ಯಂತ್ರಕ್ಕ ಏನ್ ತಿಳೀತೈತಿ?" ಎಂದು ಕಿಸೆಯಿಂದ ಗಟ್ಟಿ ತೆಗೆದು, ಪ್ರಿಂಟಿನ ಜೊತೆ ಕಟ್ಟೆಯ ಬಿಸಿಲಿಗೆ ಓಡಿದರು. ನಾನೂ ಹಿಂದೆ ಹೋದೆ.

ಗಟ್ಟಿಯನ್ನು ಪ್ರಿಂಟಿನ ಮೇಲಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ, "ಈ ವಿಭೂತಿ ಹಳದಿ ಆಗೇತಲೇ. ಅಂಗಡ್ಯಾವ ಏನೋ ಕಲಸಿ ಕೊಟ್ಟಾನ," ಎಂದು ನೇರ ಪೂಜಾ ಸಾಮಾನಿನ ಅಂಗಡಿಗೆ ನಡೆದೇಬಿಟ್ಟರು. ಅಲ್ಲಿ ಅವನ ಜೊತೆ ರಂಪ. ಅವನು ಹೊಸ ಪಾಕೀಟು ಒಡೆದು ತೋರಿಸಿದ. ಅದೂ ಹಳದಿ ಎಂದರು. ಇನ್ನೊಂದು ಒಡೆದ. ಅದೂ ಹಳದಿ. ನಗುತ್ತ ನಿಂತಿದ್ದ ಜನ ಸುಮ್ಮನಾದರು, ಯಾಕೆಂದರೆ ಗಟ್ಟಿಗಳು ಅಗದಿ ಬೆಳ್ಳಗಿದ್ದವು. ಅಂಗಡಿಯವನು ನನ್ನ ಮುಖ ನೋಡಿದ. ನಾನು ಕಾಕಾ ಅವರ ಕೈ ಹಿಡಿದು, "ಕಾಕಾ, ಕಣ್ಣ ತೋರಿಸೂಣು ನಡ್ರಿ," ಎಂದೆ. ಅವರು ಕೈ ಕೊಸರಿಕೊಂಡು ಹೋದರು, ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಕೊನೆಗೆ ಡಾಕ್ಟರಿಗೆ ತೋರಿಸಿದಾಗ ಎರಡೂ ಕಣ್ಣಲ್ಲಿ ಪೊರೆ ಇತ್ತು. ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಬಂದವರು ಮನೆಗೂ ಹೋಗದೆ ಕಟ್ಟೆಗೆ ಬಂದು ಕುಳಿತರು. ಅಂಗೈಯಲ್ಲಿ ವಿಭೂತಿ ಗಟ್ಟಿ. ಒಂದು ಕಣ್ಣು ಮುಚ್ಚಿ ನೋಡಿದರು, ಆಮೇಲೆ ಇನ್ನೊಂದು ಮುಚ್ಚಿ ನೋಡಿದರು.

"ಇದಕ್ಕ ಬಿಳಿ, ಇದಕ್ಕ ಹಳದಿ," ಎಂದರು. ಗಟ್ಟಿಯನ್ನು ಕಿಸೆಗೆ ಹಾಕುತ್ತ, "ಎಷ್ಟ ಮಂದಿ ಮನಿಗೆ ನೀಲಿ ಸುರದೇನಿ ನಾ?" ಎಂದರು.

ನನಗೆ ಅಕ್ಕನ ತುಟಿ ನೆನಪಾಯಿತು. ಅವ್ವ ಟ್ರಂಕಿಗೆ ಯಾಕೆ ಕೀಲಿ ಹಾಕಿದ್ದಾಳೆಂದು ಅದುವರೆಗೆ ಅವರಿಗೆ ಹೇಳಿರಲಿಲ್ಲ, ಆಗ ಹೇಳಿದೆ. ಅವರು ಎದ್ದು ಒಳಗೆ ಹೋದರು. ಅಕ್ಕನ ಮದುವೆಯ ಕಚ್ಚಾ ಫೈಲು ಹಾಗೇ ಇದ್ದವು, ಅವರು ಯಾರ ಫೈಲನ್ನೂ ಅಳಿಸಿದವರಲ್ಲ. ತಮ್ಮ ಪ್ರೊಫೈಲ್ ಕಿತ್ತುಹಾಕಿ, ಅಕ್ಕನ ಹಣೆಯ ವಿಭೂತಿ ಮೇಲೆ ಒತ್ತು ಎಂದರು. ಒತ್ತಿದೆ. ಮುಖಕ್ಕೆ ರಕ್ತ ಬಂತು. ತುಟಿ ಎಲೆ ಅಡಿಕೆ ತಿಂದು ಕೆಂಪಾಗಿತ್ತು. ನಾನು ಅತ್ತುಬಿಟ್ಟೆ.

ಪ್ರಿಂಟ್ ಬಂದ ದಿನ ಇಬ್ಬರೂ ನಮ್ಮ ಮನೆಗೆ ಹೋದೆವು. ಅವ್ವ ಫೋಟೋ ನೋಡಿದವಳು ಮುಖ ಗಂಟಿಕ್ಕಿದಳು. "ತುಟಿಗೆ ಬಣ್ಣ ಹಚ್ಚಿ ತಂದೀರೇನ್ರಿ? ನನ್ನ ಸಮಾಧಾನಕ್ಕ?"

ಕಾಕಾ ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. ಟ್ರಂಕಿನ ಆಲ್ಬಮ್ ತರಿಸಿದರು, ಅದೇ ಫೋಟೋದ ಪುಟ ತೆಗೆದು ಹೊಸದರ ಪಕ್ಕ ಇಟ್ಟರು, ನಡುವೆ ಕಿಸೆಯ ಗಟ್ಟಿ ಇಟ್ಟರು.

"ಅಕ್ಕಾರ, ತುಟಿ ಬಿಡ್ರಿ. ಮೊದ್ಲ ವಿಭೂತಿ ನೋಡ್ರಿ. ಅವತ್ತ ಹುಡುಗಿ ಹಣಿಗೆ ಹಚ್ಚಿದವ್ರು ನೀವ. ಯಾವ ಬಣ್ಣದ್ದ ಹಚ್ಚಿದ್ರಿ?"

"ಇದೇನ್ ಕೇಳ್ತೀರಿ? ಬಿಳೇದ."

"ಹಳೇ ಫೋಟೋದಾಗ?"

ಅವ್ವ ಬಗ್ಗಿದಳು. ಅಷ್ಟು ದಿನ ತುಟಿ ಬಿಟ್ಟು ಬೇರೇನೂ ನೋಡಿರಲಿಲ್ಲ ಅವಳು. "ನೀಲಿ ಐತಿ," ಎಂದಳು.

"ನೀಲಿ ವಿಭೂತಿ ಯಾವ ಅಂಗಡ್ಯಾಗ ಸಿಗತೈತ್ರಿ? ನನ್ನ ಕಣ್ಣಾಗ ಪೊರಿ ಬಂದಿತ್ತು, ಎಲ್ಲಾ ಹಳದಿ ಕಾಣತಿತ್ತು. ಅದನ್ನ ತಗೀಲಿಕ್ಕೆ ಹೋಗಿ ನಾ ಸುರದ ನೀಲಿ ಇದು. ನಿಮ್ಮ ಮಗಳದ್ದಲ್ಲ."

ರೋಗ ಆಗಲೇ ಒಳಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅವ್ವ ನೋಡದೆ ಬಿಟ್ಟದ್ದೇನೂ ಇರಲಿಲ್ಲ, ಅದಷ್ಟೇ ಗೊತ್ತು. ಅವಳು ಗಟ್ಟಿಯನ್ನು ಕೈಗೆತ್ತಿಕೊಂಡು, "ಚಂದ ಇದ್ಲಲ್ರಿ ಅವತ್ತ," ಎಂದಳು. ಆಮೇಲೆ ಒಳಗೆ ಹೋಗಿ ಚಹಾಕ್ಕಿಟ್ಟಳು.

ಕಾಕಾ ಅವರಿಗೆ ಅಲ್ಲಿಗೂ ಸಮಾಧಾನವಿಲ್ಲ. ಹಳೆಯ ಗಿರಾಕಿಗಳ ಮನೆ ಮನೆ ತಿರುಗಿ ಆಲ್ಬಮ್ ವಾಪಸ್ ಕೇಳತೊಡಗಿದರು. ಜನ ನಕ್ಕರು. "ನಮಗ ಇದ ರೂಢಿ ಆಗೇತಿ, ಬಿಡ್ರಿ ಕಾಕಾ," ಎಂದರು. ಬಿಡಲಿಲ್ಲ. ಆಲ್ಬಮ್ ಕೊಡದವರಿಗೆ ಪ್ರಿಂಟಾದರೂ ಒಯ್ದು ಕೊಟ್ಟರು. ಅಷ್ಟರಲ್ಲಿ ಆಪರೇಷನ್ ಆಗಿ ಎರಡನೆಯ ಕಣ್ಣೂ ಸರಿಯಾಗಿತ್ತು. ಹೋದ ಬೇಸಿಗೆಯಲ್ಲಿ ಅಂಥದೇ ಒಂದು ಮನೆಯಿಂದ ಬಂದು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತರು, ಏಳಲಿಲ್ಲ.

ಅವರನ್ನು ಅಂಗಳದಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಮೇಲೆ ಕೆಂಪು ಶಾಮಿಯಾನ. ಕೊನೆಯ ಫೋಟೋ ನಾನೇ ತೆಗೆದೆ. ಗೋಡೆಗೆ ಬೇಕಿತ್ತು, ಮರುದಿನ ಸ್ಟುಡಿಯೋ ಬಾಗಿಲು ತೆರೆದು ಫೈಲ್ ಹಚ್ಚಿದೆ. ಅವ್ವ ಜೊತೆಗೆ ಬಂದಿದ್ದಳು. ಸ್ಕ್ರೀನಿನಲ್ಲಿ ಕಾಕಾ, ಶಾಮಿಯಾನದ ಬಣ್ಣಕ್ಕೆ ಮುಖವೆಲ್ಲ ಕೆಂಪಾಗಿ, ಯಾರಿಗೋ ಬೈದು ಈಗಷ್ಟೇ ಬಂದು ಕುಳಿತವರ ಹಾಗೆ ಕಾಣುತ್ತಿದ್ದರು. ನನಗೆ ಅದೇ ಇರಲಿ ಎನ್ನಿಸಿತು, ಬಣ್ಣ ತಿದ್ದಲು ಕೈ ಮುಂದೆ ಹೋಗಲಿಲ್ಲ.

ಅವ್ವ ಹಿಂದಿನಿಂದ ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಮೊದ್ಲ ವಿಭೂತಿ ನೋಡವಾ," ಎಂದಳು.