ಸಪ್ನಾ ತಡೆದ ಏಟು

ಅತನೂರಿನ ಸಪ್ನಾ ಕೂಲಿಕಾರರ ಮಗಳು. ನರ್ಸಿಂಗ್ ಓದಿ ಜೇವರ್ಗಿಯ ಒಂದು ಔಷಧ ಪರೀಕ್ಷಾ ಕೇಂದ್ರ ಸೇರಿದ್ದಳು. ಪ್ರಯಾಣದಲ್ಲಿ ವಾಂತಿಯಾಗದಂತೆ ತಡೆಯುವ ಹೊಸ ಗುಳಿಗೆಯನ್ನು ಅಲ್ಲಿ ಪರೀಕ್ಷಿಸುತ್ತಿದ್ದರು. ಒಪ್ಪಿ ಬಂದವರಿಗೆ ಗುಳಿಗೆ ನುಂಗಿಸಿ, ತಿರುಗುವ ಕುರ್ಚಿಯಲ್ಲಿ ಕೂರಿಸಿ, ನಾಡಿ ನೋಡಿ, ಸಣ್ಣ ಲೆಕ್ಕ ಕೇಳಿ ಬುದ್ಧಿ ಎಷ್ಟು ಮಂಕಾಯಿತೆಂದು ಅಳೆಯುವುದು ಅವಳ ಕೆಲಸ.

ಭೂಸನೂರಿನಲ್ಲಿ ಕಬ್ಬು ಕಡಿಯುವ ಗುರಣ್ಣ ಯಾರ ತಂಟೆಗೂ ಹೋದವನಲ್ಲ. ಬಸ್ ಹತ್ತಿದರೆ ಕರುಳೇ ಬಾಯಿಗೆ ಬರುತ್ತಿದ್ದುದರಿಂದ ತಾನಾಗಿ ಈ ಪರೀಕ್ಷೆಗೆ ಹೆಸರು ಕೊಟ್ಟಿದ್ದ. ಒಂದು ಮಧ್ಯಾಹ್ನ ಗುಳಿಗೆ ನುಂಗಿ ಕೂತಿದ್ದ ಅವನ ಕುರ್ಚಿ ತಿರುಗಿ ನಿಂತಾಗ ಅವನಿಗೆ ವಾಕರಿಕೆ ಇರಲಿಲ್ಲ. ಆದರೆ ತುಟಿ ಒಣಗಿತ್ತು, ಪಾಪೆ ಅರಳಿ ಕಣ್ಣೆಲ್ಲ ಕಪ್ಪಾಗಿತ್ತು. ಏಳಕ್ಕೆ ಐದು ಕೂಡಿಸಿದರೆ ಎಷ್ಟೆಂದು ಸಪ್ನಾ ಕೇಳಿದಳು. ಅವನು ಅವಳ ಜಡೆಯನ್ನೇ ದಿಟ್ಟಿಸುತ್ತ, ಹಾವು ಎಂದ.

ಮರುಗಳಿಗೆ ಸಲೈನ್ ಕಂಬವೆತ್ತಿ ಬೀಸಿದ. ಅವಳ ಮುಂಗೈ ಮೂಳೆ ಲಟಕ್ಕೆಂದಿತು. ಹಾವನ್ನು ಕೊಲ್ಲುವ ಆವೇಶದಲ್ಲಿ ಅವಳನ್ನು ಕೆಡವಿ ಜಡೆ ಹಿಡಿದು ಜಗ್ಗಿದ. ಅದು ಅವಳ ಕೊರಳಿಗೇ ಸುತ್ತಿಕೊಂಡಿತು. ಉಸಿರು ಕಟ್ಟಿದ ಸಪ್ನಾ ಅವನ ಕೈಯನ್ನು ರಕ್ತ ಚಿಮ್ಮುವಂತೆ ಕಚ್ಚಿದಳು. ಕಾವಲುಗಾರರು ಓಡಿಬಂದು ಲಾಠಿಯಿಂದ ಬಡಿದರು. ಅವನು ಬಿದ್ದ ಮೇಲೂ ಬೂಟುಗಾಲಿಂದ ಒದೆಯುತ್ತಲೇ ಇದ್ದರು. ಸಪ್ನಾ ತೆವಳಿಕೊಂಡು ಹೋಗಿ ಅವನ ತಲೆಗೆ ಅಡ್ಡ ಬಿದ್ದಳು. ಕೇಂದ್ರದ ಡಾಕ್ಟರ್ ಮೃಣಾಲಿನಿ ಇಂಜೆಕ್ಷನ್ ಕೊಟ್ಟ ಮೇಲೆ ಅವನಿಗೆ ನಿದ್ದೆ ಹತ್ತಿತು. ಪರೀಕ್ಷೆಯನ್ನು ಡಾಕ್ಟರು ಅಂದೇ ನಿಲ್ಲಿಸಿದರು.

ಮರುದಿನ ಸಪ್ನಾಳ ಅಣ್ಣ ಜಗದೇವ ಕೊಡಲಿ ಹಿಡಿದು ಕೇಂದ್ರಕ್ಕೆ ನುಗ್ಗಿದ. ಗುರಣ್ಣನ ಕೈ ಕಡಿದೇ ಹೋಗುತ್ತೇನೆಂದು ಕೂಗಾಡಿದ. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಸಪ್ನಾ ಗುರಣ್ಣ ಮಲಗಿದ್ದ ವಾರ್ಡಿನ ಬಾಗಿಲಿಗೆ ಅಡ್ಡ ನಿಂತಳು.

"ಆ ಗುಳಗಿ ಅವಗ ಕೊಟ್ಟಾಕಿ ನಾನೇ, ಅಣ್ಣಾ. ಕಡಿಯೂದಿದ್ರ ಮೊದಲ ನನ್ನ ಕೈ ಕಡಿ."

ಜಗದೇವ ಕೊಡಲಿಯ ಹಿಡಿಯಿಂದ ಬಾಗಿಲ ಗಾಜು ಒಡೆದು, ಹೊರಗೆ ಹೋಗಿ ಕೂತ.

ಗುರಣ್ಣನ ಪಕ್ಕೆಲುಬುಗಳು ಮುರಿದಿದ್ದವು, ಎಚ್ಚರವಾದಾಗ ಅವನಿಗೆ ನಡೆದದ್ದೇನೂ ನೆನಪಿರಲಿಲ್ಲ. ಸಪ್ನಾಳ ಕೊರಳ ಮೇಲಿನ ನೀಲಿ ಬರೆ ಕಂಡು, "ಯಾರ್ ಹೊಡದಾರ್ರಿ ತಂಗಿ ನಿಮಗ?" ಎಂದು ಕೇಳಿದ. ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದಳು; ಅದು ಗುಳಿಗೆ ಮಾಡಿಸಿದ ಕೆಲಸ ಎಂದೂ ಹೇಳಿದಳು. ಅವನು ತನ್ನ ಎರಡೂ ಕೈ ನೋಡಿಕೊಂಡು ಗೋಡೆಯತ್ತ ಮುಖ ತಿರುಗಿಸಿದ. ಹೆಂಡತಿ ಕಸ್ತೂರಿಬಾಯಿ ತಂದ ರೊಟ್ಟಿಯನ್ನು ಆ ಕೈಯಿಂದ ಮುಟ್ಟಲಿಲ್ಲ. ಸಂಜೆ ಸಪ್ನಾಳೇ ಮಗ್ಗುಲಲ್ಲಿ ಕೂತು ತುತ್ತಿಟ್ಟಳು. ಅವನು ಅಳುತ್ತಲೇ ನುಂಗಿದ.